ಪಾರಣೆಯಿಲ್ಲದ ಉಪವಾಸ

ಇಟಲಿಯ ಸಿಯೆನಾ ಪಟ್ಟಣದಲ್ಲಿ ಬಟ್ಟೆಗೆ ಬಣ್ಣ ಹಾಕುವವನೊಬ್ಬನ ಮನೆಯಲ್ಲಿ 1347ರಲ್ಲಿ ಹುಟ್ಟಿದ ಹುಡುಗಿ ಕ್ಯಾಥರೀನ್. ಚಿಕ್ಕಂದಿನಿಂದಲೂ ಅಪಾರ ದೈವಭಕ್ತಿ. ಹದಿಹರೆಯದಲ್ಲೇ ಊಟ ಕಡಿಮೆ ಮಾಡಿದಳು. ಕೆಲವು ವರ್ಷಗಳಲ್ಲಿ ರೊಟ್ಟಿಯನ್ನೂ ಬಿಟ್ಟಳು. ಪರಮಪ್ರಸಾದ, ನೀರು, ಒಂದಿಷ್ಟು ಸೊಪ್ಪು, ಅಷ್ಟೇ ಆಹಾರ. ಒತ್ತಾಯಕ್ಕೆ ತಿಂದದ್ದನ್ನು ಗಂಟಲಿಗೆ ಕಡ್ಡಿ ಹಾಕಿ ಹೊರಹಾಕುತ್ತಿದ್ದಳೆಂದು ಆಕೆಯ ಗುರು, ಕಪುವಾದ ರೇಮಂಡ್ ಬರೆದಿಟ್ಟಿದ್ದಾರೆ. 1380ರಲ್ಲಿ ತೀರಿಕೊಂಡಾಗ ಆಕೆಗೆ 33 ವರ್ಷ. ಕಥೋಲಿಕರು ಇಂದಿಗೂ ಆಕೆಯನ್ನು ಮಹಾಸಂತಳೆಂದು ಗೌರವಿಸುತ್ತಾರೆ.

ಇಂಥ ಹುಡುಗಿ ಇಂದು ನಮ್ಮ ಮನೆಯಲ್ಲಿದ್ದರೆ ಅವಳ ಭಕ್ತಿಯನ್ನು ಮೆಚ್ಚಬೇಕೆ, ವೈದ್ಯರಲ್ಲಿಗೆ ಕರೆದೊಯ್ಯಬೇಕೆ? ಚರಿತ್ರಕಾರ ರುಡಾಲ್ಫ್ ಬೆಲ್ 1985ರ ತಮ್ಮ ಪುಸ್ತಕದಲ್ಲಿ ಇಂಥ ಉಪವಾಸಗಳನ್ನು ಇಂದಿನ ಅನೊರೆಕ್ಸಿಯಾ ಕಾಯಿಲೆಯೊಂದಿಗೆ ಹೋಲಿಸಿದರು. ಈ ಹೋಲಿಕೆಯನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಕ್ಯಾಥರೀನ್ ತಾನೇ ಪತ್ರವೊಂದರಲ್ಲಿ, ತಿನ್ನಲಾಗದಿರುವುದು ತನ್ನ ಬೇನೆಯೆಂದೂ, ಎಲ್ಲರಂತೆ ಉಣ್ಣುವಂತಾಗಲೆಂದು ದೇವರನ್ನು ಬೇಡುತ್ತಿರುವುದಾಗಿಯೂ ಹೇಳಿಕೊಂಡಿದ್ದಾಳೆ.

ಏನಿದು ಕಾಯಿಲೆ?

'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರನ್ನು 1873ರಲ್ಲಿ ಕೊಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಗಲ್. ಇದರಲ್ಲಿ ಹಸಿವು ಸತ್ತಿರುವುದಿಲ್ಲ. ದಪ್ಪಗಾಗುವ ಭಯ ಹಸಿವನ್ನು ಮೆಟ್ಟಿ ನಿಂತಿರುತ್ತದೆ. ಎಲುಬು ಎಣಿಸುವಂತಾದರೂ ಕನ್ನಡಿಯಲ್ಲಿ ತಾನು ದಪ್ಪವಾಗಿಯೇ ಕಾಣುವುದುಂಟು. ಇನ್ನೊಂದು ಬಗೆ ಬುಲಿಮಿಯಾ. 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದ್ದು. ಒಮ್ಮೆಗೇ ಅತಿಯಾಗಿ ತಿಂದು, ಆಮೇಲೆ ಗುಟ್ಟಾಗಿ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಇದರ ಲಕ್ಷಣ. ತೂಕ ಸಾಧಾರಣವಾಗಿಯೇ ಇರಬಹುದಾದ್ದರಿಂದ ಮನೆಯವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಹೆಚ್ಚಾಗಿ ಹುಡುಗಿಯರಲ್ಲಿ ಕಂಡುಬಂದರೂ ಹುಡುಗರೂ ಇದಕ್ಕೆ ಹೊರತಲ್ಲ.

ಮುಟ್ಟು ನಿಲ್ಲುವುದು, ಸದಾ ಚಳಿ, ಕೂದಲು ಉದುರುವುದು, ನಿಧಾನವಾದ ನಾಡಿಬಡಿತ, ಟೊಳ್ಳಾಗುವ ಮೂಳೆ ಇವು ಹಸಿವಿನ ಪರಿಣಾಮ. ಪದೇ ಪದೇ ವಾಂತಿ ಮಾಡಿದರೆ ಹಲ್ಲಿನ ಹೊರಕವಚ ಸವೆಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಜೀವಕ್ಕೇ ಅಪಾಯ.

ಇದು ಹಠವಲ್ಲ

1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ನಡೆಸಿದರು. ಅವರೆಲ್ಲ ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲೊಪ್ಪದೆ ಸ್ವಇಚ್ಛೆಯಿಂದ ಮುಂದೆ ಬಂದವರು; ಹಲವರು ಮೆನೊನೈಟ್, ಬ್ರೆದ್ರನ್, ಕ್ವೇಕರ್ ಸಭೆಗಳ ಕ್ರೈಸ್ತರು. ಅವರಿಗೆ ದಪ್ಪಗಾಗುವ ಭಯವೇನೂ ಇರಲಿಲ್ಲ. ಆದರೂ ದಿನ ಕಳೆದಂತೆ ಊಟದ್ದೇ ಯೋಚನೆ, ಊಟದ್ದೇ ಮಾತು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಸಿಡುಕು, ಖಿನ್ನತೆ ಬಂದವು, ಸ್ನೇಹ ಬೇಡವಾಯಿತು. ಹೊಟ್ಟೆ ಬರಿದಾದರೆ ಮನಸ್ಸೇ ಬೇರೆಯಾಗುತ್ತದೆ ಎಂಬುದು ಇದರಿಂದ ತಿಳಿಯಿತು. ಆದ್ದರಿಂದ ಇಂಥ ಮಗಳಿಗೆ ಬೈಗುಳವೂ, 'ನಿನ್ನ ಪ್ರಾರ್ಥನೆ ಸಾಲದು' ಎಂಬ ಉಪದೇಶವೂ ಔಷಧವಲ್ಲ. ಆಹಾರವೇ ಮೊದಲ ಔಷಧ.

ದೇಹವೆಂಬ ದೇಗುಲ

ದೇಹವು ಪವಿತ್ರಾತ್ಮರ ದೇಗುಲವೆಂಬುದು ಕೊರಿಂಥದವರಿಗೆ ಸಂತ ಪೌಲರು ಬರೆದ ಮಾತು. ಇದನ್ನೇ ಹಿಡಿದು ದಪ್ಪಗಿರುವವರನ್ನು ಚುಚ್ಚುವವರೂ ಇದ್ದಾರೆ. ಆದರೆ ದೇಗುಲಕ್ಕೆ ಅಂದ ಮಾಡುವ ಭರದಲ್ಲಿ ಯಾರೂ ಅದರ ಕಂಬ ಕೀಳುವುದಿಲ್ಲ! ಯೇಸು ಎಲ್ಲರೊಡನೆ ಕೂತು ಉಂಡವರು. ಹಾಗಾಗಿಯೇ ಹೊಟ್ಟೆಬಾಕನೆಂಬ ನಿಂದೆ ಕೇಳಿದವರು. ಹಸಿದವರೊಡನೆ ಅನ್ನ ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸ ಎಂಬುದು ಪ್ರವಾದಿ ಯೆಶಾಯನ ಬೋಧನೆ.

ಕಥೋಲಿಕ ಧರ್ಮಸಭೆಯ ನಿಯಮವೂ ಕಠೋರವಲ್ಲ. ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ. ಅದೂ 18ರಿಂದ 59 ವರ್ಷದೊಳಗಿನವರಿಗೆ. ಅಂದೂ ಒಂದು ಪೂರ್ಣ ಊಟ, ಎರಡು ಸಣ್ಣ ಊಟ ಮಾಡಬಹುದು. ಕಾಯಿಲೆಯವರಿಗೆ ವಿನಾಯಿತಿ ಇದೆ. ಊಟದ ಕಾಯಿಲೆ ಇರುವ ಹುಡುಗಿ ತಪಸ್ಸುಕಾಲದಲ್ಲಿ ಏನಾದರೂ ಬಿಡಲೇಬೇಕೆಂದಿದ್ದರೆ ತೂಕದ ಯಂತ್ರವನ್ನು ಬಿಡಲಿ. ಅವಳ ಪಾಲಿಗೆ ಉಣ್ಣುವುದೇ ವ್ರತ.

ವ್ಯತ್ಯಾಸ ತಿಳಿಯುವುದು ಹೇಗೆ? ವ್ರತಕ್ಕೆ ಒಂದು ಪಾರಣೆ ಇರುತ್ತದೆ. ಪಾಸ್ಕ ಹಬ್ಬದ ದಿನ ಎಲ್ಲರೊಡನೆ ಸಂತೋಷದಿಂದ ಉಣ್ಣಲು ಆದರೆ ಅದು ಉಪವಾಸ. ಹಬ್ಬದೂಟ ಕಂಡೊಡನೆ ಭಯವಾದರೆ, ನೆಪ ಹೇಳಿ ತಪ್ಪಿಸಿಕೊಂಡರೆ, ಉಂಡೊಡನೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಅನುಮಾನಿಸಿ.

ಮನೆಯವರ ಪಾತ್ರ

ಮಕ್ಕಳ ಮೈಕಟ್ಟಿನ ಬಗ್ಗೆ ತಮಾಷೆಗೂ ಟೀಕೆ ಬೇಡ. 'ತೆಳ್ಳಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ' ಎಂಬ ಹೊಗಳಿಕೆಯೂ ಬೇಡ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಬಹುಕಾಲ ಉಪವಾಸವಿದ್ದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಬಡಿಸಬಾರದು. ರಕ್ತದಲ್ಲಿ ಫಾಸ್ಫೇಟ್ ಕುಸಿದು ಪ್ರಾಣಾಪಾಯ ಒದಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲೇ ಆಹಾರ ಹೆಚ್ಚಿಸಬೇಕು. ಮನೋವೈದ್ಯರ ಸಲಹೆಯೂ ಅಗತ್ಯ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡಬಹುದು.

ತಪಸ್ಸು ಸಾಧನವೇ ಹೊರತು ಗುರಿಯಲ್ಲ ಎಂದು ಕ್ಯಾಥರೀನ್ ತನ್ನ ಗ್ರಂಥದಲ್ಲಿ ಬೋಧಿಸಿದಳು. ತಾನು ಮಾತ್ರ ಉಣ್ಣಲಾರದೆ ಹೋದಳು. ಅಂದು ಆಕೆಯ ಬೇನೆಗೆ ವೈದ್ಯವಿರಲಿಲ್ಲ. ಇಂದು ಇದೆ, ಬೇಗ ಹೋದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.