ಬಿ.ಟಿ. ಹತ್ತಿ ಬೀಜದ ಡಿ.ಎನ್.ಎ. ಪರೀಕ್ಷೆ: ರಂಗಂಪೇಟೆ ಭಾಗದ ರೈತರಿಗೆ ಮಾಹಿತಿ

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಹತ್ತಿಯು ಪ್ರಮುಖ ವಾಣಿಜ್ಯ ಬೆಳೆಯಾಗಿರುತ್ತದೆ. ರಂಗಂಪೇಟೆ ಸುತ್ತಲಿನ ರೈತರು ಖರೀದಿಸುವ ಬೀಜವು ಕುಲಾಂತರಿ ಹೌದೋ ಅಲ್ಲವೋ ಎಂಬುದನ್ನು ಅದರ ಬಣ್ಣ, ಗಾತ್ರಗಳಿಂದ ತಿಳಿಯಲಾಗದು.

ದೇಶದಲ್ಲಿ 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಕ್ರೈ1ಎಸಿ ವಂಶವಾಹಿ ಇದ್ದು, 2006ರಲ್ಲಿ ಅನುಮೋದಿತವಾದ ಬೋಲ್‌ಗಾರ್ಡ್-2ರಲ್ಲಿ ಕ್ರೈ2ಎಬಿ ಸಹ ಸೇರಿದೆ. ಎಲೆಯನ್ನು ಅರೆದು ಪಟ್ಟಿ ಅದ್ದುವ ಸರಳ ಪರೀಕ್ಷೆಯು ಈ ವಂಶವಾಹಿಗಳು ಉತ್ಪಾದಿಸುವ ಪ್ರೋಟೀನನ್ನು ತೋರಿಸುತ್ತದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯು ಇಂತಹ ಕಿಟ್‌ಗಳನ್ನು ಅಭಿವೃದ್ಧಿಪಡಿಸಿದೆ.

ವಂಶವಾಹಿಯನ್ನೇ ನೇರವಾಗಿ ಗುರುತಿಸುವುದು ಪಿ.ಸಿ.ಆರ್. ವಿಧಾನ. ಬೀಜದಿಂದ ಬೇರ್ಪಡಿಸಿದ ಡಿ.ಎನ್.ಎ.ಯಲ್ಲಿ ಹುಡುಕುವ ಭಾಗವು ಪ್ರತಿ ಆವರ್ತದಲ್ಲಿ ಇಮ್ಮಡಿಯಾಗುತ್ತಾ, 30 ಆವರ್ತಗಳಲ್ಲಿ ಒಂದು ಪ್ರತಿಯು ತಾತ್ವಿಕವಾಗಿ 100 ಕೋಟಿ ಮೀರುತ್ತದೆ. ರಿಯಲ್-ಟೈಮ್ ಪಿ.ಸಿ.ಆರ್.ನಲ್ಲಿ ಈ ಏರಿಕೆಯನ್ನು ಹತ್ತಿಯ ಸ್ವಂತ ವಂಶವಾಹಿಯೊಂದರ ಏರಿಕೆಯೊಡನೆ ಹೋಲಿಸಿ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಆದರೆ ಬೀಜಗಳನ್ನೆಲ್ಲ ಒಟ್ಟಿಗೆ ಪುಡಿ ಮಾಡಿದಾಗ ದೊರೆಯುವುದು ಡಿ.ಎನ್.ಎ.ಯ ಶೇಕಡಾವಾರು ಮಾತ್ರ. ನೂರರಲ್ಲಿ ಎಷ್ಟು ಬೀಜ ಬಿ.ಟಿ. ಎಂದು ತಿಳಿಯಬೇಕಾದರೆ ಬೀಜಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸತಕ್ಕದ್ದು.

ಕೆಲವು ಬೀಜಗಳಲ್ಲಿ ವಂಶವಾಹಿ ಇಲ್ಲವೆಂದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಲಾಗದು. ಕೀಟ ನಿರೋಧಕತೆ ಬೆಳೆಯದಂತೆ ಬಿ.ಟಿ.ಯೇತರ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿ ಮಾರುವ ಪದ್ಧತಿಯೂ ಇರುವುದರಿಂದ ಲೇಬಲನ್ನು ಮೊದಲು ಓದುವುದು ಸೂಕ್ತ. ಸಂಕರ ಬೆಳೆಯಿಂದ ಮನೆಯಲ್ಲಿ ಉಳಿಸಿಕೊಂಡ ಬೀಜದ ವಿಷಯವೇ ಬೇರೆ: ಪೋಷಕ ತಳಿಗಳಲ್ಲಿ ಒಂದರಲ್ಲಿ ಮಾತ್ರ ವಂಶವಾಹಿ ಇದ್ದಲ್ಲಿ, ಅಂತಹ ಬೀಜಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಅದಿಲ್ಲದೆಯೇ ಇರುತ್ತದೆ. ಗುಲಾಬಿ ಕಾಯಿಕೊರಕವು ಎರಡೂ ವಂಶವಾಹಿಗಳಿಗೆ ನಿರೋಧಕತೆ ಬೆಳೆಸಿಕೊಂಡಿರುವುದರಿಂದ, ಪರೀಕ್ಷೆಯಲ್ಲಿ ಉತ್ತೀರ್ಣವಾದ ಬೀಜದ ಬೆಳೆಗೂ ಹುಳು ಬೀಳಬಹುದು. ಡಿ.ಎನ್.ಎ. ವರದಿಯು ಬೀಜದ ಗುರುತನ್ನು ಹೇಳುತ್ತದೆಯೇ ಹೊರತು ಇಳುವರಿಯ ಭರವಸೆಯನ್ನಲ್ಲ.

ಬೀಜದ ದೋಷದಿಂದ ಬೆಳೆ ವಿಫಲವಾಗಿದೆ ಎಂದು ಕಂಡುಬಂದಲ್ಲಿ ಬೀಜ ಪರಿವೀಕ್ಷಕರಿಗೆ ಲಿಖಿತ ದೂರು ಸಲ್ಲಿಸಬಹುದು; ಇದಕ್ಕೆ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು. ರಸೀದಿ, ಲಾಟ್ ಸಂಖ್ಯೆಯುಳ್ಳ ಪೊಟ್ಟಣ, ಉಳಿದಿದ್ದರೆ ಬಿತ್ತದ ಬೀಜ ಇವುಗಳನ್ನು ಹಾಜರುಪಡಿಸುವುದು. 1966ರ ಬೀಜ ಕಾಯಿದೆಯನ್ವಯ ಪರಿವೀಕ್ಷಕರು ತೆಗೆದ ಮಾದರಿಯನ್ನು ಮೂರು ಭಾಗ ಮಾಡಿ, ಒಂದನ್ನು ಯಾರಿಂದ ಮಾದರಿ ಪಡೆದರೋ ಅವರಿಗೇ ಕೊಟ್ಟು, ಇನ್ನೊಂದನ್ನು ವಿಶ್ಲೇಷಣೆಗೆ ಕಳುಹಿಸಿ, ಮೂರನೆಯದನ್ನು ಕಾನೂನು ಕ್ರಮಕ್ಕಾಗಿ ಕಾಯ್ದಿರಿಸುತ್ತಾರೆ. ಬೀಜವೆಲ್ಲ ಬಿತ್ತಿ ಮುಗಿದಿದ್ದರೂ ರೈತರು ಧೈರ್ಯಗೆಡಬೇಕಿಲ್ಲ. ಪರೀಕ್ಷೆಗೆಂದು ಬೀಜ ಎತ್ತಿಡಬೇಕೆಂದು ರೈತನಿಂದ ನಿರೀಕ್ಷಿಸಲಾಗದು, ಆತನು ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೋರಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ನೀಡಿದೆ.