ಮತ್ತೆ ಮತ್ತೆ ಕೆಡಿಸುವವನ ಜೊತೆ ಹೇಗಿರಬೇಕು?



ಖಾನಾಪುರದಿಂದ ಬೆಳಗಾವಿಗೆ ಕಾಲೇಜಿಗೆ ಬರುವ ಹುಡುಗನೊಬ್ಬ ಜುಮಾ ನಮಾಝ್ ಮುಗಿದ ಮೇಲೆ ನಮ್ಮ ಬಳಿ ಬಂದು ಕುಳಿತ. ಬಿಡುವಿನಲ್ಲಿ ಅವನು ಕನ್ನಡ ವಿಕಿಪೀಡಿಯದಲ್ಲಿ ತನ್ನ ತಾಲ್ಲೂಕಿನ ಬಗ್ಗೆ ಬರೆಯುತ್ತಾನೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವುದು, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಇಂಥವನ್ನು ಬರೆದಿದ್ದನಂತೆ. ಯಾರೋ ಬಂದು ಅದನ್ನು ಅಳಿಸುತ್ತಾರೆ, ಊರ ಹೆಸರು ತಿರುಚುತ್ತಾರೆ, ಬೈಗುಳ ಬರೆದು ಹೋಗುತ್ತಾರೆ. ತಡೆದರೆ ಹೊಸ ಹೆಸರಿನಲ್ಲಿ ಮತ್ತೆ ಬರುತ್ತಾರೆ. “ಹಜರತ್, ನಾನೂ ನಾಲ್ಕು ಹೆಸರು ಮಾಡಿಕೊಂಡು ಅವನು ಬರೆದದ್ದನ್ನೆಲ್ಲ ಅಳಿಸಲಾ?” ಎಂದು ಕೇಳಿದ.

ವಿಕಿಪೀಡಿಯ 2001ರಲ್ಲಿ ಶುರುವಾಯಿತು, ಕನ್ನಡದ್ದು 2003ರಲ್ಲಿ. ಇಲ್ಲಿ ಬರೆಯುವವರು ಸಂಬಳವಿಲ್ಲದ ಸ್ವಯಂಸೇವಕರು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಮಸೀದಿಯ ಹೌಜಿನಂತೆ ಇದು ಎಲ್ಲರದು. ಒಬ್ಬ ಕೆಸರು ಮಾಡಿದರೂ ವುಝೂ ಮಾಡಲು ಬಂದವರಿಗೆಲ್ಲ ತೊಂದರೆ. ಅದರಲ್ಲೂ ನಮ್ಮದು ಗಡಿ ಜಿಲ್ಲೆ. ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. 2014ರ ನವೆಂಬರ್ 1ರಂದು ‘ಬೆಳಗಾಂ’ ಅಧಿಕೃತವಾಗಿ ‘ಬೆಳಗಾವಿ’ ಆಯಿತು. ಇಲ್ಲಿ ಒಂದು ಹೆಸರು ಬರೆಯುವುದೂ ಜಗಳಕ್ಕೆ ಕಾರಣವಾಗಬಲ್ಲದು.

ಆ ಸಮುದಾಯ ಇದನ್ನು ನಿಭಾಯಿಸುವ ಕ್ರಮವನ್ನು ನಾವು ಕೇಳಿ ತಿಳಿದುಕೊಂಡೆವು. ಹೊಸಬ ತಪ್ಪು ಮಾಡಿದರೆ ಮೊದಲು ಅವನ ಉದ್ದೇಶ ಒಳ್ಳೆಯದೆಂದೇ ಭಾವಿಸುತ್ತಾರೆ. ಚರ್ಚಾಪುಟದಲ್ಲಿ ತಿಳಿಸಿ ಹೇಳುತ್ತಾರೆ. ಮುಂದುವರಿಸಿದರೆ ಎಚ್ಚರಿಸುತ್ತಾರೆ. ಆಗಲೂ ನಿಲ್ಲಿಸದಿದ್ದರೆ ನಿರ್ವಾಹಕರು ಕೆಲವು ಗಂಟೆ ಅಥವಾ ದಿನಗಳ ಮಟ್ಟಿಗೆ ತಡೆಯುತ್ತಾರೆ. ಚಾಳಿ ಬಿಡದವನಿಗೆ ಅವಧಿಯಿಲ್ಲದ ತಡೆ. ಬೇರೆ ಹೆಸರಿನಲ್ಲಿ ಬಂದದ್ದು ಗೊತ್ತಾದರೆ ಆ ಹೆಸರಿಗೂ ತಡೆ. ಪುಟದ ಹಳೆಯ ರೂಪಗಳೆಲ್ಲ ಇತಿಹಾಸದಲ್ಲಿ ಉಳಿದಿರುತ್ತವೆ. ಅವನು ಒಂದು ಗಂಟೆ ಕೆಡಿಸಿದ್ದನ್ನು ಇವರು ಒಂದು ನಿಮಿಷದಲ್ಲಿ ಸರಿಪಡಿಸುತ್ತಾರೆ, ಅವನೊಡನೆ ವಾದಕ್ಕೆ ನಿಲ್ಲುವುದಿಲ್ಲ. ಗಮನ ಸಿಗದಿದ್ದರೆ ಅವನಿಗೂ ಬೇಸರವಾಗುತ್ತದೆ.

ಇನ್ನೊಂದು ನಿಯಮ ಕೇಳಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇತರರ ತಿದ್ದುಪಡಿ ಅಳಿಸುತ್ತ ಎಳೆದಾಡಿದವನನ್ನೂ ತಡೆಯಬಹುದು. “ನನ್ನ ಮಾತೇ ಸರಿ” ಎಂಬುದು ಅಲ್ಲಿ ನೆಪವಾಗುವುದಿಲ್ಲ. ಅಂದರೆ ಸತ್ಯ ಕೈಯಲ್ಲಿದ್ದರೂ ದಾರಿ ತಪ್ಪಬಾರದು.

ಇದು ನಮಗೆ ಹೊಸ ಪಾಠವೇ? ಮದೀನದ ಮಸೀದಿಯಲ್ಲಿ ಹಳ್ಳಿಗನೊಬ್ಬ ಮೂತ್ರ ಮಾಡಿದಾಗ ಸಹಾಬಿಗಳು ಸಿಟ್ಟಿನಿಂದ ಎದ್ದರು. ಪ್ರವಾದಿ(ಸ)ರು ಅವರನ್ನು ತಡೆದು, ಆ ಜಾಗಕ್ಕೆ ನೀರು ಸುರಿಯಲು ಹೇಳಿ, ಅವನಿಗೆ ಮೃದುವಾಗಿ ತಿಳಿಸಿದರು. ಅವನು ತಿಳಿಯದೆ ಮಾಡಿದ್ದ. ಅದೇ ಪ್ರವಾದಿ(ಸ)ರು, ವಿಶ್ವಾಸಿಯು ಒಂದೇ ಬಿಲದಲ್ಲಿ ಎರಡು ಸಲ ಕೈಯಿಟ್ಟು ಕಚ್ಚಿಸಿಕೊಳ್ಳುವವನಲ್ಲ ಎಂಬ ಅರ್ಥದ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಮೊದಲನೆಯದು ತಿಳಿಯದವನಿಗೆ, ಎರಡನೆಯದು ತಿಳಿದೂ ಬಿಡದವನ ವಿಷಯದಲ್ಲಿ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಒಬ್ಬನಿಗೆ ಅನ್ಯಾಯ, ಇಲ್ಲವೇ ಇಡೀ ಜಮಾಅತಿಗೆ ಅನ್ಯಾಯ. ಯಾರು ಯಾವ ಬಗೆಯವರೆಂದು ವಿಚಾರಿಸದೆ ತೀರ್ಮಾನಿಸಬಾರದು; ಸೂರಃ ಅಲ್ ಹುಜುರಾತ್ ಸುದ್ದಿಯನ್ನು ಪರಿಶೀಲಿಸಲು ಆದೇಶಿಸುತ್ತದೆ, ಅತಿಯಾದ ಗುಮಾನಿಯನ್ನು ನಿಷೇಧಿಸುತ್ತದೆ.

ಬಾಗಿಲು ಹಾಕಿದರೂ ಬೀಗದ ಕೈ ಎಸೆಯಬಾರದು. ತಡೆಗೊಳಗಾದವನು ಆರು ತಿಂಗಳು ಬೇರೆ ಹೆಸರಿನಲ್ಲಿ ನುಸುಳದೆ ದೂರವಿದ್ದು, ಇನ್ನು ಹಾಗೆ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ಮರಳಿ ಸೇರಿಸಿಕೊಳ್ಳುವುದನ್ನು ಪರಿಗಣಿಸುವ ರೂಢಿ ಇಂಗ್ಲಿಷ್ ವಿಕಿಪೀಡಿಯದಲ್ಲಿದೆ. ತೌಬಾದ ಶರತ್ತುಗಳೂ ಇವೇ ಅಲ್ಲವೇ? ತಪ್ಪನ್ನು ಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು.

ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟೆ: “ಬೇಟಾ, ನಾಲ್ಕು ಹೆಸರು ಅಂದರೆ ನಾಲ್ಕು ಸುಳ್ಳು. ಒಂದೇ ಹೆಸರಿನಲ್ಲಿರು. ಬರೆದದ್ದಕ್ಕೆ ಆಧಾರ ಕೊಡು, ನಿರ್ವಾಹಕರಿಗೆ ತಿಳಿಸು, ಬೈಗುಳಕ್ಕೆ ಉತ್ತರ ಕೊಡಬೇಡ.”

ತಂದೆತಾಯಂದಿರೇ, ಮಕ್ಕಳು ಮೊಬೈಲಿನಲ್ಲಿ ಏನು ನೋಡುತ್ತಾರೆಂದು ಕೇಳುತ್ತೀರಿ. ಯಾವ ಹೆಸರಿನಲ್ಲಿ ಏನು ಬರೆಯುತ್ತಾರೆಂದೂ ಕೇಳಿ. ಕೆಡಿಸುವವನು ನಮ್ಮ ಮನೆಯಲ್ಲೇ ಇರಬಹುದು. ಹೆಸರು ಮರೆಸಿದರೂ ಬರೆದುಕೊಳ್ಳುವ ಮಲಕುಗಳಿಂದ ಮರೆಯಿಲ್ಲ.

ಅಲ್ಲಾಹನು ನಮ್ಮ ನಾಲಿಗೆಯನ್ನೂ ಬೆರಳನ್ನೂ ಸತ್ಯದ ಮೇಲೆ ಇರಿಸಲಿ. ಆಮೀನ್.