ನಿಮ್ಮ ಗಣಕಕ್ಕೆ ಯಾವ ಲಿನಕ್ಸ್?

ಅಥಣಿಯಲ್ಲಿ ಚರ್ಮದ ಚಪ್ಪಲಿ ಕೊಳ್ಳಲು ಹೋದವರು 'ಎಲ್ಲಕ್ಕಿಂತ ಒಳ್ಳೆಯ ಚಪ್ಪಲಿ ಯಾವುದು?' ಎಂದು ಕೇಳುವುದಿಲ್ಲ. ಕಾಲಿನ ಅಳತೆ ಕೊಡುತ್ತಾರೆ, ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ, ಆಮೇಲೆ ದುಡ್ಡು ಎಣಿಸುತ್ತಾರೆ. ಗಣಕದ ಕಾರ್ಯಾಚರಣ ವ್ಯವಸ್ಥೆಯನ್ನು ಆರಿಸುವಾಗ ಮಾತ್ರ ಈ ವಿವೇಕ ನಮಗೆ ಮರೆತುಹೋಗುತ್ತದೆ. ಯಾರೋ ಒಬ್ಬರು ಉಬುಂಟು ಎನ್ನುತ್ತಾರೆ, ಇನ್ನೊಬ್ಬರು ಡೆಬಿಯನ್ ಎನ್ನುತ್ತಾರೆ, ಮತ್ತೊಬ್ಬರು ಮಿಂಟ್ ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾರೆ. ಕೇಳಿದವರು ಗೊಂದಲಗೊಂಡು ಇದ್ದ ಕಡೆಯೇ ಉಳಿಯುತ್ತಾರೆ.

ಇದ್ದ ಕಡೆಯೇ ಉಳಿಯುವುದು ಈಗ ಅಷ್ಟು ಸುಲಭವಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಗಣಕದಲ್ಲಿ ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಇರಬೇಕು, ಸಂಸ್ಕಾರಕವೂ ಸಾಕಷ್ಟು ಹೊಸದಾಗಿರಬೇಕು. ಹತ್ತು-ಹನ್ನೆರಡು ವರ್ಷ ಹಳೆಯ ಗಣಕಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಯಾವುದಾದರೂ ಪ್ರೌಢಶಾಲೆಯಲ್ಲಿ ನೀವು ಶಿಕ್ಷಕರಾಗಿದ್ದರೆ, ನಿಮ್ಮ ಪ್ರಯೋಗಾಲಯದಲ್ಲೂ ಇಂಥ ಗಣಕಗಳು ಇರಬಹುದು. ಅವುಗಳ ಯಂತ್ರಾಂಶ ಕೆಟ್ಟಿಲ್ಲ. ಅದಕ್ಕೆ ಹೊಂದುವ ತಂತ್ರಾಂಶ ಬೇಕಾಗಿದೆ, ಅಷ್ಟೆ. ಅವು ಗುಜರಿಗೆ ಹೋಗಬೇಕೆ, ಮಕ್ಕಳ ಕೈಗೆ ಬರಬೇಕೆ ಎಂಬುದು ನೀವು ಮಾಡುವ ಆಯ್ಕೆಯ ಮೇಲೆ ನಿಂತಿದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಲಿನಕ್ಸ್ ಎಂಬುದು ನಿಜವಾಗಿ ತಿರುಳಿನ ಹೆಸರು. ಸ್ಮೃತಿಯನ್ನೂ ಸಂಸ್ಕಾರಕದ ವೇಳೆಯನ್ನೂ ತಂತ್ರಾಂಶಗಳ ನಡುವೆ ಹಂಚುವುದು, ಕೀಲಿಮಣೆ, ಮುದ್ರಕ ಮುಂತಾದವುಗಳೊಡನೆ ವ್ಯವಹರಿಸುವುದು ಅದರ ಕೆಲಸ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಪ್ರಕಟಿಸಿದರು. ತಿರುಳಿನ ಸುತ್ತ ಬೇಕಾದ ಇತರ ಭಾಗಗಳಲ್ಲಿ ಬಹಳಷ್ಟನ್ನು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಸಿದ್ಧಪಡಿಸಿತ್ತು. ಇವೆರಡನ್ನೂ ಸೇರಿಸಿ, ಪರದೆಯ ಅಲಂಕಾರ, ಪದಸಂಸ್ಕಾರಕ, ಜಾಲದರ್ಶಕ ಎಲ್ಲವನ್ನೂ ಜೋಡಿಸಿ ಕೊಡುವ ಕಟ್ಟಿಗೆ 'ವಿತರಣೆ' ಎನ್ನುತ್ತಾರೆ. ಡೆಬಿಯನ್ 1993ರದು. ಅದರ ಮೇಲೆ ಕಟ್ಟಿದ್ದು 2004ರ ಉಬುಂಟು. ಉಬುಂಟುವಿನ ಮೇಲೆ ಕಟ್ಟಿದ್ದು 2006ರ ಮಿಂಟ್. ನಮ್ಮ ಸಿ-ಡ್ಯಾಕ್ ರೂಪಿಸಿದ 'ಬಾಸ್' ಕೂಡ ಡೆಬಿಯನ್ನಿನ ಸಂತಾನವೇ. ಅಂದರೆ ಜಗಳವೆಲ್ಲ ಒಂದೇ ಮನೆತನದೊಳಗಿನದು! ಒಂದನ್ನು ಕಲಿತವರಿಗೆ ಇನ್ನೊಂದು ಅಪರಿಚಿತವಾಗದು. ಇವುಗಳ ಆಕರ ಸಂಕೇತ ಎಲ್ಲರಿಗೂ ತೆರೆದಿದೆ. ನಕಲು ಮಾಡಿ ವಿದ್ಯಾರ್ಥಿಗಳಿಗೆ ಹಂಚಿದರೂ ಕಾನೂನು ಮುರಿದಂತಾಗುವುದಿಲ್ಲ. ಕನ್ನಡದಲ್ಲಿ 'ಉಚಿತ' ಬೇರೆ, 'ಮುಕ್ತ' ಬೇರೆ. ಇಲ್ಲಿ ಮುಖ್ಯವಾದದ್ದು ಎರಡನೆಯದು.

ಇನ್ನು ಅಳತೆ. ಗಣಕದಲ್ಲಿ ಸ್ಮೃತಿ ಎಷ್ಟಿದೆ ನೋಡಿ. 8 ಜಿ.ಬಿ. ಇದ್ದರೆ ಯಾವುದನ್ನಾದರೂ ಹಾಕಿ. 4 ಜಿ.ಬಿ. ಇದ್ದರೆ ಉಬುಂಟುವಿನ ಮೂಲರೂಪ ತೆವಳಬಹುದು. ಎಕ್ಸ್‌ಎಫ್‌ಸಿಇ ಎಂಬ ಹಗುರ ಪರದೆಯಿರುವ ಮಿಂಟ್ ಅಥವಾ ಡೆಬಿಯನ್ ಲೇಸು. 2 ಜಿ.ಬಿ. ಇದ್ದರೆ ಹಗುರ ಪರದೆಯ ಡೆಬಿಯನ್ ಮಾತ್ರ, ಅದೂ ಜಾಲದರ್ಶಕದಲ್ಲಿ ಹತ್ತು ಪುಟ ತೆರೆಯುವುದಿಲ್ಲ ಎಂಬ ಕರಾರಿನ ಮೇಲೆ. ಸಂಸ್ಕಾರಕ 32 ಬಿಟ್‌ನದಾಗಿದ್ದರೆ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅದಕ್ಕೆ ಅನುಸ್ಥಾಪಕವೇ ಇಲ್ಲ. ಅಷ್ಟು ಹಳೆಯ ಗಣಕವನ್ನು ಬಿಚ್ಚಿ ಮಕ್ಕಳಿಗೆ ಒಳಭಾಗ ತೋರಿಸುವುದೇ ಒಳ್ಳೆಯ ಉಪಯೋಗ.

ಆದರೆ ನಮ್ಮ ಗಡಿ ತಾಲ್ಲೂಕುಗಳಲ್ಲಿ ಸ್ಮೃತಿಗಿಂತ ಮುಖ್ಯವಾದ ಪರೀಕ್ಷೆ ಲಿಪಿಯದು. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ, ಮರಾಠಿ ಮಾಧ್ಯಮದವೂ ಇವೆ. ಒಂದೇ ಗಣಕದಲ್ಲಿ ಎರಡೂ ಸಲೀಸಾಗಿ ಮೂಡಬೇಕು. ನುಡಿ ತಂತ್ರಾಂಶದಲ್ಲಿ ನಿಮ್ಮ ಬೆರಳಿಗೆ ಒಗ್ಗಿದ ಕೀಲಿ ವಿನ್ಯಾಸ ಇದೆಯಲ್ಲ, ಕೆ.ಪಿ. ರಾವ್ ರೂಪಿಸಿದ್ದು, ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದದ್ದು, ಅದು 'ಕಗಪ' ಎಂಬ ಹೆಸರಿನಲ್ಲೇ ಲಿನಕ್ಸ್ ವಿತರಣೆಗಳ ಕೀಲಿಮಣೆ ಪಟ್ಟಿಯಲ್ಲಿ ಇದೆ. ಸಂತೋಷದ ವಿಷಯವೆಂದರೆ, ಅದೇ ಪಟ್ಟಿಯಲ್ಲಿ ಮರಾಠಿಗೂ ಒಂದು ಕಗಪ ಇದೆ! ಆರ್, ಎಫ್, ಎನ್ ಕೀಲಿಗಳನ್ನು ಕ್ರಮವಾಗಿ ಒತ್ತಿ. ಕನ್ನಡದಲ್ಲಿ 'ರ್ನ' ಬರುತ್ತದೆ, ಮರಾಠಿಗೆ ಬದಲಿಸಿಕೊಂಡು ಒತ್ತಿದರೆ ಅದೇ ಅಕ್ಷರ ದೇವನಾಗರಿಯಲ್ಲಿ ಬರುತ್ತದೆ. ಒಂದು ಸಲ ಕಲಿತ ಬೆರಳಿಗೆ ಎರಡು ಭಾಷೆ.

ಇದರ ಹಿಂದಿನ ತಂತ್ರವೂ ಸ್ವಾರಸ್ಯಕರ. ಯೂನಿಕೋಡ್‌ನಲ್ಲಿ 'ರ್ನ' ಒಂದೇ ಸಂಕೇತವಲ್ಲ. ರಕಾರ, ಹಲಂತ, ನಕಾರ ಎಂದು ಮೂರು ಸಂಕೇತಗಳು ನಾವು ಉಚ್ಚರಿಸುವ ಕ್ರಮದಲ್ಲೇ ಕಡತದಲ್ಲಿ ಕೂರುತ್ತವೆ. ಪರದೆಯ ಮೇಲೆ ಮಾತ್ರ ಕನ್ನಡದ ಅರ್ಕಾವೊತ್ತು ನಕಾರದ ಬಲಕ್ಕೆ ಸರಿಯಬೇಕು, ದೇವನಾಗರಿಯಲ್ಲಿ ತಲೆಯ ಮೇಲೆ ಏರಬೇಕು. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮುಂತಾದವುಗಳಲ್ಲಿ ಈ ಸ್ಥಾನಪಲ್ಲಟ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ, ಅಕ್ಷರಶೈಲಿಯಲ್ಲಿ ಅಡಗಿರುವ ನಿಯಮಗಳನ್ನು ಓದಿಕೊಂಡು. ಆದ್ದರಿಂದ ಒಳ್ಳೆಯ ಅಕ್ಷರಶೈಲಿ ಇರಲೇಬೇಕು. ಗುಬ್ಬಿ, ನವಿಲು ಎಂಬ ಕನ್ನಡ ಶೈಲಿಗಳು ಡೆಬಿಯನ್ ಮತ್ತು ಉಬುಂಟುವಿನ ಭಂಡಾರಗಳಲ್ಲೇ ಸಿಗುತ್ತವೆ. 'ಸ್ತ್ರೀ', 'ರಾಷ್ಟ್ರ', 'ಕರ್ನಾಟಕ', 'ವಿಜ್ಞಾನ' ಎಂದು ಬರೆದು, ಮುದ್ರಿಸಿ ನೋಡಿ. ಪರದೆಯಲ್ಲಿ ಸರಿಯಿದ್ದು ಕಾಗದದಲ್ಲಿ ಒತ್ತಕ್ಷರ ಒಡೆದರೆ ಪ್ರಶ್ನೆಪತ್ರಿಕೆಯ ಗತಿ ಏನು?

ಇಂಥ ಎರಡು ಭಾಷೆಯ ಪರಿಸ್ಥಿತಿ ನಮ್ಮೊಬ್ಬರದೇ ಅಲ್ಲ. ಇನ್ನೊಂದು ಗಡಿಯಲ್ಲಿರುವ ಕಾಸರಗೋಡನ್ನು ನೋಡಿ. ಇಲ್ಲಿ ಮರಾಠಿ ಮಕ್ಕಳು ಹೇಗೋ ಅಲ್ಲಿ ಕನ್ನಡ ಮಕ್ಕಳು ಹಾಗೆ, ರಾಜ್ಯದಲ್ಲಿ ಅಲ್ಪಸಂಖ್ಯಾತರು. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಗಿ, 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಅದು ಉಬುಂಟು ಆಧರಿಸಿ ತನ್ನದೇ ವಿತರಣೆಯನ್ನು ಸಿದ್ಧಪಡಿಸಿ ಶಾಲೆಗಳಿಗೆ ಕೊಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಲ್ಲಿ ಗೆದ್ದದ್ದು ಯಾವುದೋ ಒಂದು ವಿತರಣೆಯ ಹಿರಿಮೆ ಅಲ್ಲ. ಎಲ್ಲ ಶಾಲೆಗಳೂ ಒಂದನ್ನೇ ಬಳಸಿದ್ದರಿಂದ ಒಬ್ಬ ಶಿಕ್ಷಕಿಗೆ ತೊಡಕಾದರೆ ಪಕ್ಕದ ಶಾಲೆಯವರಿಗೆ ಉತ್ತರ ಗೊತ್ತಿರುತ್ತದೆ. ನಮ್ಮಲ್ಲೂ 2011ರಿಂದ ನಡೆದ 'ವಿಷಯ ಶಿಕ್ಷಕರ ವೇದಿಕೆ' ಕಾರ್ಯಕ್ರಮದಲ್ಲಿ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿದ್ದವು. ಆ ತರಬೇತಿ ಪಡೆದವರು ನಿಮ್ಮ ತಾಲ್ಲೂಕಿನಲ್ಲೂ ಇರಬಹುದು, ವಿಚಾರಿಸಿ. ನನಗೆ ವೈಯಕ್ತಿಕವಾಗಿ ಡೆಬಿಯನ್ ಅಚ್ಚುಮೆಚ್ಚು. ಆದರೂ ನೆರೆಯ ಶಾಲೆಯವರು ಮಿಂಟ್ ಬಳಸುತ್ತಿದ್ದರೆ ನೀವೂ ಮಿಂಟನ್ನೇ ಹಾಕಿಕೊಳ್ಳಿ ಎನ್ನುತ್ತೇನೆ. ರಾಯಬಾಗದ ಒಂದು ಶಾಲೆಯ ಗಣಕ ಸೋಮವಾರ ಬೆಳಗ್ಗೆ ಮುಷ್ಕರ ಹೂಡಿದರೆ ನೆರವಿಗೆ ಬರುವವರು ನೆರೆಯವರೇ ಹೊರತು ನಾನಲ್ಲ.

ಕೊನೆಗೆ ನಾಲ್ಕು ಹೆಜ್ಜೆ ನಡೆದು ನೋಡುವ ಕೆಲಸ. 8 ಜಿ.ಬಿ. ಪೆನ್‌ಡ್ರೈವ್‌ಗೆ ವಿತರಣೆಯನ್ನು ಬರೆದು, ಅದರಿಂದಲೇ ಗಣಕವನ್ನು ಚಾಲೂ ಮಾಡಿ. ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಲ್ಲಿ ಕುಗ್ಗಿಸಿದ ರೂಪದಲ್ಲಿ, ಓದಲು ಮಾತ್ರ ಬರುವಂತೆ ಇರುತ್ತದೆ. ನೀವು ಮಾಡುವ ಬದಲಾವಣೆಗಳೆಲ್ಲ ಗಣಕದ ಸ್ಮೃತಿಯಲ್ಲಿ ನಿಂತು, ಆರಿಸಿದೊಡನೆ ಅಳಿದುಹೋಗುತ್ತವೆ. ನೀವಾಗಿ ಮುಟ್ಟದ ಹೊರತು ಗಟ್ಟಿ ತಟ್ಟೆಯಲ್ಲಿರುವ ವಿಂಡೋಸ್ ಇದ್ದಂತೆಯೇ ಇರುತ್ತದೆ. ಧ್ವನಿ, ಜಾಲ, ಮುದ್ರಕ, ಪ್ರೊಜೆಕ್ಟರ್ ಎಲ್ಲವನ್ನೂ ಹೀಗೆ ಪರೀಕ್ಷಿಸಿ. ಮಕ್ಕಳಿಗೂ ಒಂದು ವಾರ ಬಿಡಿ.

ಶಾಶ್ವತವಾಗಿ ಅನುಸ್ಥಾಪಿಸುವ ಮುನ್ನ ಹಳೆಯ ಕಡತಗಳನ್ನು ಬೇರೆ ಕಡೆ ನಕಲಿಸಿ, ಅವುಗಳಲ್ಲಿ ಒಂದೆರಡನ್ನು ತೆರೆದು ನೋಡಿ. ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಗಾಬರಿ ಬೇಡ. ಕಡತ ಕೆಟ್ಟಿಲ್ಲ, ಆಗ ಇಂಗ್ಲಿಷಿನ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುತ್ತಿದ್ದರು. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಮುಕ್ತವಾಗಿಯೇ ದೊರೆಯುತ್ತವೆ. ಈ ಕೆಲಸವನ್ನು ಹಳೆಯ ವ್ಯವಸ್ಥೆ ಇನ್ನೂ ಕೈಯಲ್ಲಿರುವಾಗಲೇ ಮಾಡಿ ಮುಗಿಸಿ. ಆಗ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಒತ್ತಕ್ಷರಗಳನ್ನು ತಾಳೆ ನೋಡಬಹುದು.